ಒಂಬತ್ತು ಸಲ ಅದ್ದಿದ ಬಟ್ಟೆ

ಗುರುವಾರ, ಬೆಳಗಿನ ಐದೂವರೆ. ಅಡುಮಾಸೊ ಊರಿನ ಹುಂಜಗಳು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿವೆ. ಬಟ್ಟೆಗೆ ಬಣ್ಣ ಹಾಕುವ ಬಿರಾಗೊ ಅಮ್ಮನ ಹಿತ್ತಲಲ್ಲಿ ಮಾತ್ರ ಒಲೆ ಹೊತ್ತಿ ಆಗಲೇ ಒಂದು ಗಂಟೆ. ಎಣ್ಣೆ ತುಂಬುತ್ತಿದ್ದ ಹಳೆಯ ಪೀಪಾಯಿಯಲ್ಲಿ ಕುಂಟುಂಕುನಿ ಮರದ ಬೇರಿನ ತೊಗಟೆ ಕೊತಕೊತ ಕುದಿಯುತ್ತಿದೆ. ಅರವತ್ತೆಂಟರ ಬಿರಾಗೊ ಸೊಂಟಕ್ಕೆ ಬಟ್ಟೆ ಬಿಗಿದು, ಕಾಲಗಲಿಸಿ ನಿಂತು, ತಮಗಿಂತ ಎತ್ತರದ ಕೋಲಿನಿಂದ ಅದನ್ನು ತಿರುವುತ್ತಿದ್ದಾರೆ. ಹೊಗೆಗೆ ಕಣ್ಣು ಮುಚ್ಚಿಹೋಗಿದೆ, ಬಾಯಿ ಮಾತ್ರ ಸುಮ್ಮನಿಲ್ಲ.

"ಏಯ್ ಮೋಡ, ನಿಂಗೆ ನಿಲ್ಲೋಕೆ ಬೇರೆ ಊರೇ ಸಿಗ್ಲಿಲ್ವಾ? ಇವತ್ತು ನಾಳೆ ಎರಡೇ ಎರಡು ದಿನ ಆಚೆ ಹೋಗಿ ಬಾರೋ. ಭಾನುವಾರ ಬಂದು ಎಷ್ಟು ಬೇಕಾದ್ರೂ ಸುರ್ಕೊ, ಯಾರು ಬೇಡ ಅಂದೋರು!"

ಮೋಡವನ್ನು ಬೈಯುವುದಕ್ಕೆ ಕಾರಣವಿದೆ. ಪಕ್ಕದ ಬಾನಿಯ ಬಳಿ ಬಣ್ಣಕ್ಕೆ ಕಾದಿರುವ ಹನ್ನೊಂದು ಬಟ್ಟೆಗಳಲ್ಲಿ ಒಂದು ಟೀವಾ ಎಂಬ ಹೆಂಗಸಿನದು. ಅದು ಒಂಬತ್ತು ಸಲ ಬಣ್ಣಕ್ಕೆ ಇಳಿಯಬೇಕು, ಈವರೆಗೆ ಐದು ಸಲ ಇಳಿದಿದೆ. ಒಂದೊಂದು ಸಲ ಅದ್ದಿದ ಮೇಲೂ ಬಿಸಿಲಿಗೆ ಗರಿಗರಿಯಾಗಿ ಒಣಗಬೇಕು. ಶನಿವಾರ ಬೆಳಿಗ್ಗೆ ಸಾವಿನ ಕಾರ್ಯ. ಅಷ್ಟರೊಳಗೆ ಬಟ್ಟೆ ಕಪ್ಪಾದರೆ ಟೀವಾ ಸತ್ತವನ ಹೆಂಡತಿಯಾಗಿ ಮನೆಯವರ ಸಾಲಿನಲ್ಲಿ ಕೂರುತ್ತಾರೆ. ಇಲ್ಲವಾದರೆ ಬಂದುಹೋಗುವವರ ಬೆಂಚಿನಲ್ಲಿ ಕೂತು, ಇಪ್ಪತ್ತಮೂರು ವರ್ಷ ಬಾಳಿದ ಗಂಡನನ್ನು ದೂರದಿಂದ ಕಳಿಸಿಕೊಡಬೇಕು.

ನಮ್ಮಲ್ಲಿ ಸಾವಿನ ಮನೆಗೆ ಯಾರೂ ತಮಗೆ ತೋಚಿದ ಬಟ್ಟೆ ಉಟ್ಟು ಹೋಗುವುದಿಲ್ಲ. ಸತ್ತವರ ಒಡಹುಟ್ಟಿದವರು, ಮಕ್ಕಳು, ಸೋದರಳಿಯಂದಿರು ಕೆಂಪು ಉಡುತ್ತಾರೆ, ಅದಕ್ಕೆ ಬೇರೆಯೇ ಬಾನಿ. ಗುರುತಿನವರು ಮೂರು ಸಲ ಅದ್ದಿದ ಕಂದು ಬಟ್ಟೆಯಲ್ಲಿ ಬರುತ್ತಾರೆ. ತೊಗಟೆಯ ಬಣ್ಣದಲ್ಲಿ ಒಂಬತ್ತು ಸಲ ಮುಳುಗಿ ಎದ್ದ ಕಪ್ಪನ್ನು ಗಂಡನನ್ನು ಕಳೆದುಕೊಂಡವಳು ಮಾತ್ರ ಉಡಬಹುದು. ತೊಂಬತ್ತು ದಾಟಿ ತುಂಬುಜೀವ ನಡೆಸಿ ಹೋದವರಿಗಾದರೆ ಊರೆಲ್ಲ ಬಿಳಿ ಉಟ್ಟು ಕುಣಿಯುತ್ತದೆ, ಆ ವಾರ ಬಿರಾಗೊ ಅವರಿಗೆ ರಜೆ. ಶಾಮಿಯಾನದ ಕೆಳಗೆ ಮುನ್ನೂರು ಜನ ಕೂತಿದ್ದರೂ, ಯಾರು ಯಾರಿಗೆ ಏನಾಗಬೇಕು ಎಂಬುದು ಬಂದವರಿಗೆ ನಿಂತಲ್ಲೇ ತಿಳಿದುಹೋಗುತ್ತದೆ.

ಆದರೆ ಆ ಬಣ್ಣ ಎಲ್ಲಿಂದ ಬಂತು ಎಂದು ಕೇಳುವವರಿಲ್ಲ. ಕುಮಾಸಿ ಪಟ್ಟಣದಿಂದ ಬರುವ ಫೋಟೋದವರು ಶಾಮಿಯಾನ ಹಿಡಿಯುತ್ತಾರೆ, ಡೋಲಿನವರನ್ನು ಹಿಡಿಯುತ್ತಾರೆ, ಶವಪೆಟ್ಟಿಗೆಯ ಹಿತ್ತಾಳೆಯ ಹಿಡಿಯನ್ನೂ ಬಿಡುವುದಿಲ್ಲ. ಊರಾಚೆಯ ಹಿತ್ತಲಲ್ಲಿ ಮೊಣಕೈವರೆಗೂ ಕಪ್ಪಾದ ಎರಡು ಕೈಗಳು ಇವೆ ಎಂಬುದು ಅವರಿಗೆ ಗೊತ್ತೇ ಇಲ್ಲ. ಬಿರಾಗೊ ಅವರಿಗೂ ಅದರ ಬಗ್ಗೆ ದೂರಿಲ್ಲ. "ಸತ್ತೋರನ್ನ ನೋಡೋಕ್ ಬಂದಿರ್ತಾರೆ. ನನ್ನ ನೋಡ್ಕೊಂಡ್ ಏನ್ ಮಾಡ್ತಾರೆ, ಹಲ್ಲು ಬೇರೆ ಎರಡು ಬಿದ್ದಿದೆ" ಎಂದು ನಗುತ್ತಾರೆ.

ಈ ಕೆಲಸ ಅವರಿಗೆ ಅತ್ತೆಯಿಂದ ಬಂದದ್ದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಒನಕೆ ಹಿಡಿದರು, ಇವತ್ತಿಗೆ ನಲವತ್ತಾರು ವರ್ಷ. ಅತ್ತೆ ಮೊದಲ ಒಂದು ವರ್ಷ ಬಟ್ಟೆ ಮುಟ್ಟಲು ಬಿಡಲಿಲ್ಲವಂತೆ. ಬರೀ ತೊಗಟೆ ಕುಟ್ಟುವುದು, ನೀರು ಹೊರುವುದು. "ಅಂಗೈ ತುಂಬ ಬೊಬ್ಬೆ. ಅತ್ತು ಅತ್ತು ತವರಿಗೆ ಓಡಿದ್ದೆ. ಅಮ್ಮ ಬಾಗ್ಲಲ್ಲೇ ನಿಲ್ಸಿ ಒಂದು ತಟ್ಟೆ ಬೇಯಿಸಿದ ಬಾಳೆಕಾಯಿ ಕೊಟ್ಟು, ತಿಂದು ವಾಪಸ್ ನಡಿ ಅಂದ್ಲು. ಆಗ ಬೈಕೊಂಡೆ. ಈಗ ಆ ಪುಣ್ಯಾತ್ಗಿತ್ತಿ ಹೆಸರು ಹೇಳ್ಕೊಂಡು ಉಣ್ತಿದೀನಿ."

ಗಂಡ ಮರ ಕಡಿಯಲು ಕಾಡಿಗೆ ಹೋದವರು ಮರದಡಿಗೆ ಸಿಕ್ಕಿ ತೀರಿಕೊಂಡಾಗ ಬಿರಾಗೊ ಅವರಿಗೆ ಮೂವತ್ತಮೂರು. ತಮ್ಮ ಒಂಬತ್ತರ ಬಟ್ಟೆಯನ್ನು ತಾವೇ ಅದ್ದಿಕೊಂಡರು. ಆಮೇಲೆ ಮೂವರು ಹೆಣ್ಣುಮಕ್ಕಳನ್ನು ಇದೇ ಪೀಪಾಯಿಯ ಹೊಗೆಯಲ್ಲಿ ಸಾಕಿದರು. ಮೂವರೂ ದೂರದ ಊರುಗಳಲ್ಲಿ ಸಂಸಾರ ಮಾಡಿಕೊಂಡು ಚೆನ್ನಾಗಿದ್ದಾರೆ.

ದಿನಕ್ಕೆ ನಲವತ್ತು ಕೊಡ ನೀರು ಹೊಳೆಯಿಂದ ಬರಬೇಕು. ಒಂದು ಮೂಟೆ ತೊಗಟೆ ಕುಟ್ಟಬೇಕು, ಐದು ಗಂಟೆ ಕುದಿಸಬೇಕು, ಕಮ್ಮಾರನ ಕುಲುಮೆಯಿಂದ ತಂದ ಕಬ್ಬಿಣದ ಕಿಟ್ಟ ಒಂದು ಬುಟ್ಟಿ ಹಾಕಬೇಕು. ವಾರಕ್ಕೆ ಇಪ್ಪತ್ತೈದರಿಂದ ಮೂವತ್ತು ಬಟ್ಟೆ. ಮೊದಲೆಲ್ಲ ಎಂಬತ್ತು ಬರುತ್ತಿದ್ದವು. ಈಗ ಪೇಟೆಯಲ್ಲಿ ಅಚ್ಚು ಹೊಡೆದ ಕೆಂಪು, ಕಪ್ಪು ಬಟ್ಟೆಗಳು ರಾಶಿ ಬಿದ್ದಿವೆ, ಕೊಂಡು ಹೊಲಿಸಿದರೆ ಆಯಿತು. ಆ ಅಂಗಡಿಗಳ ಮೇಲೆ ಬಿರಾಗೊ ಅವರಿಗೆ ಇರುವ ಸಿಟ್ಟು ವ್ಯಾಪಾರ ಹೋಯಿತೆಂದಲ್ಲ.

"ಅಂಗಡಿಯೋನು ಕೇಳ್ತಾನಾ, ಸತ್ತೋರು ನಿಮಗೇನಾಗ್ಬೇಕು ಅಂತ? ಯಾವ ಬಣ್ಣ ಕೈ ತೋರ್ಸಿದ್ರೆ ಅದನ್ನ ಸುತ್ಕೊಡ್ತಾನೆ. ನಾನು ಹಾಗೆ ಕೊಡಲ್ಲ. ಬಾಯ್ಬಿಟ್ಟು ಹೇಳಿದ್ರೆ ಮಾತ್ರ ಬಾನಿಗೆ ಇಳ್ಸೋದು."

ಹಾಗೆ ಕೇಳಿ ಕೇಳಿಯೇ ಅಡುಮಾಸೊದ ಮನೆ ಮನೆಯ ಬೇರು, ರೆಂಬೆ ಎಲ್ಲ ಅವರ ನಾಲಿಗೆ ತುದಿಯಲ್ಲಿದೆ. ಆದರೆ ಅವರು ಒಂದನ್ನು ಮಾತ್ರ ಕೇಳುವುದಿಲ್ಲ, ಯಾರೂ ಕೇಳುವ ಹಾಗಿಲ್ಲ: ಹೋದರಾ ಅಂತ. ಮನೆತನದ ಹಿರಿಯರು ಊರ ಮುಂದೆ ಸಾರುವವರೆಗೆ ಸಾವಿನ ಮಾತು ಯಾರ ಬಾಯಿಂದಲೂ ಬರಬಾರದು. ಮನೆಯವರು ಕಣ್ಣು ಕೆಳಗೆ ಹಾಕಿಕೊಂಡು ಬಟ್ಟೆಯ ಗಂಟು ಇಳಿಸುತ್ತಾರೆ, ಬಿರಾಗೊ ತಾವೂ ಕಣ್ಣು ಕೆಳಗೆ ಹಾಕಿ ತೆಗೆದುಕೊಳ್ಳುತ್ತಾರೆ. ಅಷ್ಟು ವರ್ಷ ಈ ಕಣ್ಣುಸನ್ನೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಕೊಟ್ಟದ್ದು ಹೋದ ವರ್ಷ, ಜನವರಿಯ ಒಣಗಾಳಿಯ ದಿನಗಳಲ್ಲಿ.

ಆಗ, ಹಿಂದೆ ಮರ ಸಾಗಿಸುವ ಲಾರಿ ಓಡಿಸುತ್ತಿದ್ದ ಬೊವಾಡು ಎಂಬ ಎಪ್ಪತ್ತೆರಡರ ಹಿರಿಯರು ಕುಮಾಸಿಯ ಆಸ್ಪತ್ರೆ ಸೇರಿದ್ದರು. ಅನ್ನ ಬಿಟ್ಟಿದ್ದರು, ಮಾತು ನಿಂತಿತ್ತು. ಅವರ ತಂಗಿ ಪೊಕುವಾ, ಊರಲ್ಲಿ ಯಾವ ಕೆಲಸವನ್ನೂ ಎಲ್ಲರಿಗಿಂತ ಮುಂಚೆ ಮುಗಿಸಿ ಎದೆಯುಬ್ಬಿಸುವ ಹೆಂಗಸು, ಕಣ್ಣು ಕೆಳಗೆ ಹಾಕಿಕೊಂಡು ಏಳು ಬಟ್ಟೆಯ ಗಂಟು ತಂದಿಳಿಸಿದರು. ಅದೇ ವಾರ ಇನ್ನೆರಡು ಮನೆಯ ಗಂಟುಗಳಿದ್ದವು. ಸರದಿ ತಪ್ಪಿಹೋದೀತೆಂಬ ಆತುರ ಪೊಕುವಾ ಅವರಿಗೆ. ಬಿರಾಗೊ ನಿಟ್ಟುಸಿರು ಬಿಟ್ಟು, ಬೊವಾಡು ಹೋದರೆಂದೇ ತಿಳಿದು, ಏಳನ್ನೂ ಕೆಂಪಿಗೆ ಇಳಿಸಿದರು.

ಪೊಕುವಾ ಗಂಟು ಇಳಿಸಿದ ಸುದ್ದಿ ಕೇಳಿ ಮಾರನೆಯ ದಿನ ಟೀವಾ ತಮ್ಮ ಬಟ್ಟೆ ತಂದರು. ಬೊವಾಡು ಜೊತೆ ಒಂದೇ ಸೂರಿನಡಿ ಆಗ ಇಪ್ಪತ್ತೊಂದು ವರ್ಷ ಬಾಳಿದವರು, ಮಕ್ಕಳಾಗಲಿಲ್ಲ. ಅವರ ತವರಿಗೆ ಬೊವಾಡು ಮದುವೆಯ ಮದ್ಯ ಮಾತ್ರ ಒಪ್ಪಿಸಿರಲಿಲ್ಲ. ಆ ಎರಡು ಬಾಟಲಿ ಹೆಣ್ಣಿನ ಮನೆಯ ಹೊಸಿಲು ದಾಟುವವರೆಗೆ ಹೆಂಡತಿ ಎನ್ನುವ ಮಾತು ಬರಿಯ ಬಾಯಿಮಾತು. ಬರುವ ವರ್ಷ, ಈ ಬೆಳೆ ಆಗಲಿ, ಲಾರಿ ರಿಪೇರಿ ಮುಗಿಯಲಿ ಎಂದು ಮೀನಮೇಷ ಎಣಿಸುತ್ತಲೇ ಬೊವಾಡು ಮುದುಕರಾದರು.

"ಏನಾಗ್ಬೇಕವ್ವಾ ನಿಂಗೆ ಅವ್ರು, ಅಂತ ಕೇಳ್ದೆ" ಎಂದು ಬಿರಾಗೊ ನೆನೆಯುತ್ತಾರೆ. "ನಂಗೆ ಗೊತ್ತಿಲ್ದೇ ಇತ್ತಾ? ಆದ್ರೂ ಕೇಳ್ಬೇಕಲ್ಲ. ಆ ಹೆಂಗ್ಸು ನೆಲ ನೋಡ್ಕೊಂಡು, ಗುರ್ತಿನೋರು ಅಂದ್ಬಿಟ್ಲು. ಗುರ್ತಿನೋರು! ಅವನ ಬೆನ್ನಿಗೆ ಬಿಸಿನೀರು ಹುಯ್ದೋಳು, ಅವನ ಗೊರಕೆ ಕೇಳ್ಕೊಂಡು ಇಪ್ಪತ್ತೊಂದು ವರ್ಷ ನಿದ್ದೆ ಬಿಟ್ಟೋಳು. ಆದ್ರೆ ಅವಳ ಬಾಯಿಂದ ಬಂದದ್ದನ್ನ ಮೀರಿ ನಾನು ಅದ್ದೋ ಹಾಗಿಲ್ಲ. ಮೂರೇ ಸಲ ಅದ್ದಿ ಹಾಕ್ದೆ."

ನಾಲ್ಕನೆಯ ದಿನ ಮಧ್ಯಾಹ್ನ. ಹುಲ್ಲಿನ ಮೇಲೆ ಸಾಲಾಗಿ ಕೆಂಪು ಬಟ್ಟೆ ಒಣಗುತ್ತಿವೆ. ದಾರಿಯಲ್ಲಿ ಊರುಗೋಲು ಕುಟ್ಟುತ್ತ ಒಬ್ಬ ಮುದುಕ ಬಂದು ಬೇಲಿಯ ಹತ್ತಿರ ನಿಂತು ಕೇಳುತ್ತಾನೆ: "ಯಾರು ಹೋದ್ರು ಬಿರಾಗೊ?"

ತಲೆಯೆತ್ತಿ ನೋಡಿದರೆ ಬೊವಾಡು! ಆಸ್ಪತ್ರೆಯಲ್ಲಿ ಯಾವ ಔಷಧಿ ಹಿಡಿಯಿತೋ, ಎದ್ದು ಕೂತು ಎರಡು ಬಟ್ಟಲು ಸಾರು ಕುಡಿದು, ಬಸ್ಸು ಹತ್ತಿ ಬಂದುಬಿಟ್ಟಿದ್ದಾರೆ.

"ದೆವ್ವ ಅಂತ ಓಡೋಣ ಅಂದ್ರೆ ದಾರಿಗೇ ಅಡ್ಡ ನಿಂತಿದಾನೆ. ಸುಳ್ಳು ಹೇಳೋಣ ಅಂದ್ರೆ ಪೊಕುವಾ ಬಟ್ಟೆನ ಅವನು ಗುರ್ತು ಹಿಡೀದೇ ಇರ್ತಾನಾ? ನೀನೇ ಕಣಯ್ಯಾ ಹೋಗಿದ್ದು, ಅಂದೆ."

ಬೊವಾಡು ನಗತೊಡಗಿದರು. ನಗು ಕೆಮ್ಮಿಗೆ ತಿರುಗಿ, ಕೆಮ್ಮು ಮತ್ತೆ ನಗುವಿಗೆ ತಿರುಗಿ, ಕಣ್ಣಲ್ಲಿ ನೀರು ಬಂತು. ಬೋರಲು ಹಾಕಿದ್ದ ಒರಳ ಮೇಲೆ ಕೂತು ತಮ್ಮ ಸಾವಿನ ಬಟ್ಟೆಗಳನ್ನು ಒಂದೊಂದಾಗಿ ನೋಡತೊಡಗಿದರು.

"ಇದು ಪೊಕುವಾದು. ಓಹೋ, ಎಂಥಾ ಕೆಂಪು! ಬದುಕಿದ್ದಾಗ ಒಂದು ದಿನ ಹೇಗಿದೀಯ ಅಣ್ಣ ಅಂತ ಬಂದೋಳಲ್ಲ, ಸತ್ತಾಗ ಇಷ್ಟು ಕೆಂಪಾ? ಇದು ಸೋದರಳಿಯಂದು, ಅಂಚು ಹರಿದಿದೆ ನೋಡು, ನನ್ನ ಕಾರ್ಯಕ್ಕಾದ್ರೂ ಹೊಸದು ತಗೋಬಾರ್ದಾ ಜುಗ್ಗ. ಎಲ್ಲಾ ಸರಿ, ಟೀವಾದು ಯಾವ್ದು?"

ಬಿರಾಗೊ ಬೇಲಿಯ ಮೂಲೆಗೆ ಕೈ ತೋರಿದರು. ಅಲ್ಲಿ ಮಂಕು ಕಂದು ಬಣ್ಣದ ಒಂದೇ ಒಂದು ಬಟ್ಟೆ ತೂಗುತ್ತಿತ್ತು.

"ಎಷ್ಟು ಸಲ ಅದ್ದಿದೀಯ?"

"ಮೂರು."

"ಮೂರಾ? ಯಾಕೆ, ತೊಗಟೆ ಮುಗಿದುಹೋಯ್ತಾ?"

"ತೊಗಟೆ ಬೇಕಾದಷ್ಟಿದೆ. ಗುರ್ತಿನೋರು ಅಂದ್ಲು, ಅದಕ್ಕೆ ಮೂರೇ."

ನಗು ಅಲ್ಲಿಗೆ ನಿಂತಿತು. ಬೊವಾಡು ಎದ್ದು ಹೋಗಿ ಆ ಬಟ್ಟೆಯ ಅಂಚು ಹಿಡಿದು ಬಹಳ ಹೊತ್ತು ನಿಂತರಂತೆ. ತಾವು ಸತ್ತರೆ ತಮ್ಮ ಮನೆಯವಳು ಎಲ್ಲಿ ಕೂರುತ್ತಾಳೆಂದು ಆ ಮನುಷ್ಯ ಅಷ್ಟು ವರ್ಷದಲ್ಲಿ ಯೋಚಿಸಿಯೇ ಇರಲಿಲ್ಲ. ಯೋಚಿಸುವ ಪ್ರಮೇಯವೂ ಬಂದಿರಲಿಲ್ಲ ಬಿಡಿ, ತಮ್ಮ ಕಾರ್ಯದ ಬಟ್ಟೆ ಒಣಗುವುದನ್ನು ತಾವೇ ನೋಡುವ ಯೋಗ ಎಷ್ಟು ಜನಕ್ಕೆ ಸಿಗುತ್ತದೆ! ಬಟ್ಟೆಯ ಅಂಚು ಬಿಡದೆಯೇ ಕೇಳಿದ್ದು ಇಷ್ಟೇ: "ಬಿರಾಗೊ, ಭಾನುವಾರ ಬಿಡುವಿದೆಯಾ?"

ಭಾನುವಾರ ಟೀವಾ ಅವರ ತವರಿಗೆ ಮದ್ಯ ಒಪ್ಪಿಸಲು ಹೊರಟಿತು ಒಂದು ವಿಚಿತ್ರ ಮೆರವಣಿಗೆ. ಮುಂದೆ ಊರುಗೋಲಿನ ಮದುಮಗ, ಹಿಂದೆ ತಲೆಯ ಮೇಲೆ ಎರಡು ಬಾಟಲಿಯ ತಟ್ಟೆ ಹೊತ್ತ ಬಿರಾಗೊ. ಗಂಡಿನ ಕಡೆಯಿಂದ ಬರಬೇಕಾದ ತಂಗಿ ಪೊಕುವಾ ಹಲ್ಲುನೋವು ಎಂದು ಮಲಗಿದ್ದರು. ಮನೆತನದ ಹಿರಿಯ ಎಂಬ್ರಾ ತಮ್ಮ ಕಾಲುನೋವಿಗೆ ಅಷ್ಟು ದೂರ ನಡೆಯಲಾಗದೆಂದು ಹೇಳಿ ಕಳಿಸಿದ್ದರು. "ನೀನೇ ನಡಿ, ಯಡವಟ್ಟು ಮಾಡಿದೋಳು ನೀನೇ ತಾನೆ" ಎಂದು ಬೊವಾಡು ಬಿರಾಗೊ ಅವರನ್ನು ಎಳೆದುಕೊಂಡು ಹೋದರು. ಟೀವಾ ಅವರ ಸೋದರಮಾವ ಬಾಟಲಿ ತೆಗೆದುಕೊಂಡರು, ಎಲ್ಲರೂ ಒಂದೊಂದು ಗುಟುಕು ಕುಡಿದರು, ಪದ್ಧತಿಯಂತೆ ಉಳಿದದ್ದನ್ನು ಗಂಡಿನ ಮನೆಯ ಹಿರಿಯರಿಗೆ ಕಳಿಸಿಕೊಟ್ಟರು, ಕುಡಿದರೆ ಮದುವೆ ಒಪ್ಪಿದ ಹಾಗೆ. ಎಂಬ್ರಾ ಅದನ್ನು ಕುಡಿದು ತುಟಿ ಒರೆಸಿಕೊಂಡದ್ದನ್ನು ಬಿರಾಗೊ ತಮ್ಮ ಕಣ್ಣಾರೆ ನೋಡಿ ಬಂದರು.

ಬೊವಾಡು ಆಮೇಲೆ ಒಂದೂವರೆ ವರ್ಷ ಇದ್ದರು. ಈ ಹಿತ್ತಲ ಮುಂದೆ ಹಾದಾಗಲೆಲ್ಲ "ಇವತ್ತು ನಂದಿದೆಯಾ ಬಿರಾಗೊ?" ಎಂದು ಕೂಗುತ್ತಿದ್ದರು. ಏಳು ವಾರದ ಹಿಂದೆ, ಮಧ್ಯಾಹ್ನದ ಊಟವಾಗಿ ಮಾವಿನ ಮರದ ನೆರಳಲ್ಲಿ ಕೂತವರು ಮತ್ತೆ ಏಳಲಿಲ್ಲ. ನೆಂಟರೆಲ್ಲ ಕೂಡುವವರೆಗೆ ಹೆಣವನ್ನು ಆಸ್ಪತ್ರೆಯ ಶೈತ್ಯಾಗಾರದಲ್ಲಿ ಇಡುವುದು ನಮ್ಮಲ್ಲಿ ರೂಢಿ, ಕಾರ್ಯ ಈ ಶನಿವಾರಕ್ಕೆ ಗೊತ್ತಾಯಿತು. ಈ ವಾರ ಟೀವಾ ಆ ಹಳೇ ಬಟ್ಟೆ ತಂದಾಗ ಬಿರಾಗೊ ಮತ್ತೆ ಕೇಳಿದರು, ಟೀವಾ ನೆಲ ನೋಡದೆ ಗಂಡ ಎಂದರು. ಮೂರರ ಮೇಲೆ ಇನ್ನಾರು ಅದ್ದಬೇಕೆಂದು ಅಲ್ಲೇ ಗೊತ್ತಾಯಿತು.

ಗುರುವಾರದ ಬೆಳಗು ಹತ್ತಕ್ಕೆ ತಿರುಗುವ ಹೊತ್ತಿಗೆ ಬೇಲಿಯ ಗೇಟು ಧಡಾರೆಂದು ತೆರೆಯುತ್ತದೆ. ಬಂದವರು ಪೊಕುವಾ. ಕೈಯಲ್ಲಿ ಬಟ್ಟೆಯ ಗಂಟಿಲ್ಲ, ಕಣ್ಣು ಕೆಳಗೂ ಇಲ್ಲ.

"ಅಕ್ಕಾ, ಆ ಹೆಂಗಸಿನ ಬಟ್ಟೆ ಆಗ್ಲೇ ಇಷ್ಟು ಕಪ್ಪಾಗಿದೆಯಲ್ಲ, ಏನಿದು?"

"ಇದೆಂಥಾ ಕಪ್ಪು? ಇನ್ನೂ ನಾಲ್ಕು ಬಾಕಿ ಇದೆ."

"ನಮ್ಮನೆಯೋರು ಯಾರೂ ಕಾಲಿಡದ ಮದ್ವೆ ಅದು. ಕಾಯಿಲೆ ಮನುಷ್ಯ ಎರಡು ಬಾಟ್ಲಿ ಎತ್ಕೊಂಡು ಅಡ್ಡಾಡ್ಕೊಂಡ್ ಬಂದ್ರೆ ಅದು ಮದ್ವೆನಾ? ಅವಳು ಬೆಂಚಿನ ಮೇಲೆ ಕೂರ್ಲಿ. ಬರಬೇಡ ಅಂತ ನಾನೇನೂ ಹೇಳಿಲ್ಲ."

ಬಿರಾಗೊ ಕೋಲು ತಿರುವುವುದನ್ನು ನಿಲ್ಲಿಸುವುದಿಲ್ಲ. "ಬಾಟ್ಲಿ ಹೊತ್ತ ತಲೆ ಇದು ಪೊಕುವಾ. ಕತ್ತು ಮೂರು ದಿನ ನೋಯ್ತಿತ್ತು. ನಿಮ್ಮ ಎಂಬ್ರಾ ಅಜ್ಜ ಕುಡಿದ್ರಲ್ಲ, ಅದೇನು ಹೊಳೆ ನೀರಾ?"

"ನಿಂಗ್ಯಾಕಕ್ಕಾ ನಮ್ಮನೆ ವಿಷ್ಯ? ಬಣ್ಣ ಹಾಕೋಳು ಬಣ್ಣ ಹಾಕು."

"ಅದನ್ನೇ ಹಾಕ್ತಿರೋದು."

ಪೊಕುವಾ ಅವರ ಮುಖ ಧುಮುಗುಡುತ್ತದೆ. ಅಡುಮಾಸೊದಲ್ಲಿ ಅವರದೇ ದೊಡ್ಡ ಮನೆತನ, ನಲವತ್ತು ಒಲೆ. "ಹಾಗಾದ್ರೆ ಕೇಳ್ಸ್ಕೊ. ಇನ್ಮೇಲೆ ನಮ್ಮನೆಯ ಒಂದು ನೂಲೂ ನಿನ್ನ ಬಾನಿಗೆ ಇಳಿಯಲ್ಲ. ಎಲ್ಲಾ ಪೇಟೆಯಿಂದ ತರ್ತೀವಿ. ಕೂತ್ಕೊ ನಿನ್ನ ತೊಗಟೆ ಕುಟ್ಕೊಂಡು."

ಗೇಟು ಮತ್ತೆ ಧಡಾರೆನ್ನುತ್ತದೆ. ಬಿರಾಗೊ ಕೋಲನ್ನು ಪೀಪಾಯಿಗೆ ಒರಗಿಸಿ ಕೂರುತ್ತಾರೆ. ವಾರದ ಮೂವತ್ತರಲ್ಲಿ ಹತ್ತಾದರೂ ಆ ಮನೆತನದ್ದೇ. ಹೆದರಿಕೆ ಆಗಲಿಲ್ಲವೇ ಎಂದರೆ ಮುಚ್ಚಿಡುವುದಿಲ್ಲ: "ಆಗ್ದೇ ಇರುತ್ತಾ? ಅಂಗಡಿ ಬಟ್ಟೆ ಬಂದ ಮೇಲೆ ಮೊದ್ಲೇ ಕಷ್ಟ. ಆದ್ರೆ ಇವತ್ತು ಇವಳ ಮಾತಿಗೆ ಇಲ್ಲಿಗೇ ನಿಲ್ಸಿದ್ರೆ, ನಾಳೆ ಇನ್ಯಾರೋ ಬಂದು ಹೆತ್ತ ತಾಯಿ ಬಟ್ಟೆನ ಬೆಂಚಿಗೆ ಕಳ್ಸು ಅಂತಾರೆ. ಆಮೇಲೆ ನನ್ನ ಬಣ್ಣಕ್ಕೂ ಕೆಸರಿಗೂ ಏನು ವ್ಯತ್ಯಾಸ?" ಹೀಗೆಂದು ಎದ್ದು ಬಟ್ಟೆಯನ್ನು ಆರನೆಯ ಸಲಕ್ಕೆ ಇಳಿಸುತ್ತಾರೆ.

ಮಧ್ಯಾಹ್ನ ಮೋಡ ಒಂದಿಷ್ಟು ಸರಿದು, ಒಂದು ಗಂಟೆ ಬಿಸಿಲು ಕೊಟ್ಟು, ಮತ್ತೆ ಮುಚ್ಚಿಕೊಳ್ಳುತ್ತದೆ. ಶುಕ್ರವಾರ ಬೆಳಿಗ್ಗೆ ಏಳನೆಯದು ಆಗುತ್ತದೆ. ಆದರೆ ಎಷ್ಟು ಹೊತ್ತಾದರೂ ಬಟ್ಟೆ ಒಣಗುವುದಿಲ್ಲ, ಜಪ್ಪಯ್ಯ ಅಂದರೂ ಒಣಗುವುದಿಲ್ಲ. ಹಸಿ ಬಟ್ಟೆಯನ್ನೇ ಮತ್ತೆ ಅದ್ದಿದರೆ ಬಣ್ಣ ಹಿಡಿಯುವುದಿಲ್ಲ, ಮೊದಲು ಹಿಡಿದದ್ದೂ ಕಲೆಕಲೆಯಾಗಿ ಬಿಟ್ಟುಕೊಳ್ಳುತ್ತದೆ. ಅವಸರಕ್ಕೆ ಬಿದ್ದರೆ ಟೀವಾ ಚಿರತೆಯ ಹಾಗೆ ಚುಕ್ಕಿ ಚುಕ್ಕಿ ಉಟ್ಟು ಸಾವಿನ ಮನೆಗೆ ಹೋಗಬೇಕು. ಹನ್ನೊಂದು ಗಂಟೆಯವರೆಗೂ ಬಿರಾಗೊ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ, ಆಕಾಶ ನೋಡುತ್ತಾರೆ, ಬೈಗುಳವೂ ಮುಗಿದುಹೋಗಿದೆ.

ಅಷ್ಟರಲ್ಲಿ ಗಾಳಿಯಲ್ಲಿ ಬ್ರೆಡ್ಡಿನ ವಾಸನೆ ತೇಲಿ ಬರುತ್ತದೆ. ಬಿರಾಗೊ ಥಟ್ಟನೆ ಎದ್ದು, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಅರವತ್ತೆಂಟರ ಮಂಡಿಗಳನ್ನು ಲೆಕ್ಕಿಸದೆ ಓಡುತ್ತಾರೆ. ಮೂರು ಮನೆಯಾಚೆ ಫೋಫಿಯೆ ಎಂಬಾಕೆಯ ಬ್ರೆಡ್ಡಿನ ಗೂಡು ಇದೆ, ಮಣ್ಣಿನಲ್ಲಿ ಕಟ್ಟಿದ ಆಳೆತ್ತರದ ಗುಮ್ಮಟ. ಬೆಳಗಿನ ಬ್ರೆಡ್ಡು ತೆಗೆದು ಮುಗಿದಿದೆ, ಗೋಡೆ ಇನ್ನೂ ಬೆಚ್ಚಗಿದೆ.

"ಅಯ್ಯಯ್ಯೋ, ಸಾವಿನ ಬಟ್ಟೆನ ಬ್ರೆಡ್ಡಿನ ಗೂಡಿನ ಮೇಲಾ? ನಾಳೆ ಯಾರು ಕೊಳ್ತಾರೆ ನನ್ನ ಬ್ರೆಡ್ಡು?" ಎಂದು ಫೋಫಿಯೆ ಕೈ ಅಡ್ಡ ಹಿಡಿಯುತ್ತಾರೆ.

"ಟೀವಾದು ಕಣೇ. ನಾಳೆ ಬೆಳಿಗ್ಗೆ ಬೇಕು. ಇನ್ನೂ ಎರಡು ಉಳಿದಿದೆ."

ಅಡ್ಡ ಹಿಡಿದ ಕೈ ಕೆಳಗಿಳಿಯುತ್ತದೆ. "ಒಳಗಿನ ಕೆಂಡ ಇನ್ನೂ ಇದೆ, ತಡಿ, ಎರಡು ಕೊಳ್ಳಿ ಹಾಕ್ತೀನಿ. ಆ ಕಡೆ ಗೋಡೆಗೆ ಹಾಸಕ್ಕಾ, ಅಲ್ಲಿ ಕಾವು ಜಾಸ್ತಿ. ಪೊಕುವಾಗೆ ಹೇಳ್ಬೇಡ ಮತ್ತೆ, ಅವಳು ದಿನಾ ನಾಲ್ಕು ಬ್ರೆಡ್ಡು ಕೊಳ್ತಾಳೆ."

ಹೀಗೆ ಎಂಟನೆಯದು ಮಧ್ಯಾಹ್ನ, ಒಂಬತ್ತನೆಯದು ಸಂಜೆ ನಾಲ್ಕಕ್ಕೆ. ಹಿತ್ತಲಿನಿಂದ ಗೂಡಿಗೆ, ಗೂಡಿನಿಂದ ಹಿತ್ತಲಿಗೆ ಇಬ್ಬರು ಹೆಂಗಸರೂ ಹಸಿ ಬಟ್ಟೆಯ ಎರಡು ತುದಿ ಹಿಡಿದು ಓಡಾಡುತ್ತಾರೆ. ಹೊತ್ತು ಮುಳುಗುವ ಮುಂಚೆ ಬಟ್ಟೆ ಮಡಚಿ ಟೀವಾ ಅವರ ಕೈ ಸೇರುತ್ತದೆ. ಐವತ್ತೆಂಟರ ಟೀವಾ ಮೆಲುಮಾತಿನವರು, ಏಳು ವಾರದಿಂದ ಆ ಮಾತೂ ಇಲ್ಲ. ಅತ್ತಿದ್ದನ್ನು ಊರಲ್ಲಿ ಯಾರೂ ನೋಡಿಲ್ಲ. ಹೆಂಡತಿ ಎಂದು ಒಪ್ಪದವರ ಎದುರಿಗೆ ಯಾವ ಮುಖ ಇಟ್ಟುಕೊಂಡು ಅಳಬೇಕು? ಬಟ್ಟೆಯನ್ನು ಎದೆಗೆ ಅವುಚಿಕೊಂಡು, "ಅಕ್ಕಾ, ಅಲ್ಲಿ ಎಬ್ಬಿಸಿಬಿಟ್ರೆ?" ಎಂದಷ್ಟೇ ಕೇಳುತ್ತಾರೆ.

"ಕೂತ್ಕೊ ಮೊದ್ಲು. ಎಬ್ಸೋರು ಎಬ್ಸಿದಾಗ ನೋಡ್ಕೊಳ್ಳೋಣ."

ಶನಿವಾರ. ಶಾಮಿಯಾನದ ಕೆಳಗೆ ಮನೆಯವರ ಕುರ್ಚಿಗಳ ಉದ್ದನೆಯ ಸಾಲು ಕೆಂಪಗೆ ತುಂಬಿದೆ. ಡೋಲಿನ ಸದ್ದಿನ ನಡುವೆ ಟೀವಾ ಬರುತ್ತಾರೆ. ಒಂಬತ್ತು ಸಲ ಅದ್ದಿದ ಕಪ್ಪು ಆ ಕೆಂಪಿನ ಮುಂದೆ ಎದ್ದು ಕಾಣುತ್ತದೆ. ಸಾಲಿನ ಮೊದಲ ಕುರ್ಚಿಯಲ್ಲಿ ಹಿರಿಯ ಎಂಬ್ರಾ, ಪಕ್ಕದ ಕುರ್ಚಿ ಖಾಲಿ, ಅದರಾಚೆ ಪೊಕುವಾ. ಪೊಕುವಾ ಕೈಚೀಲವನ್ನು ಖಾಲಿ ಕುರ್ಚಿಯ ಮೇಲೆ ಇಡುತ್ತಾರೆ. ಟೀವಾ ಅದರ ಮುಂದೆ ಬಂದು ನಿಂತುಬಿಡುತ್ತಾರೆ. ಬೆಂಚುಗಳ ಮೇಲಿನ ಇನ್ನೂರೈವತ್ತು ತಲೆ ಅತ್ತ ತಿರುಗುತ್ತದೆ. ಎಂಬ್ರಾ ಟೀವಾ ಅವರ ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಆ ಕೈಚೀಲ ಎತ್ತಿ ಪೊಕುವಾ ಅವರ ತೊಡೆಯ ಮೇಲೆ ಇಡುತ್ತಾರೆ. ಅಷ್ಟು ಜನರ ಮುಂದೆ ಕಪ್ಪುಟ್ಟ ಹೆಂಗಸನ್ನು ನಿಲ್ಲಿಸಿಟ್ಟರೆ ಮನೆತನದ ಮರ್ಯಾದೆ ಏನಾದೀತೆಂದು ಆ ಮುದುಕನಿಗೆ ಗೊತ್ತು. ಟೀವಾ ಕೂರುತ್ತಾರೆ. ಪೊಕುವಾ ಮುಖವನ್ನು ಆ ಕಡೆಗೆ ತಿರುಗಿಸುತ್ತಾರೆ.

ಬಿರಾಗೊ ಬೆಂಚಿನ ಕೊನೆಯಲ್ಲಿದ್ದಾರೆ, ತಾವು ಉಡಬೇಕಾದ ಮೂರರ ಕಂದು ಬಟ್ಟೆಯಲ್ಲಿ. ಪಕ್ಕದಲ್ಲಿ ಫೋಫಿಯೆ. ಊರವರು ಎದ್ದು ಮನೆಯವರ ಸಾಲಿನುದ್ದಕ್ಕೂ ಒಬ್ಬೊಬ್ಬರ ಕೈ ಕುಲುಕುತ್ತ ಸಾಗುತ್ತಿದ್ದಾರೆ. ಕೆಲವರು ಟೀವಾ ಅವರ ಮುಂದೆ ಬಂದಾಗ ಪೊಕುವಾ ಅವರ ಮುಖ ನೋಡಿ, ಬೆರಳ ತುದಿ ಮುಟ್ಟಿ ಮುಂದೆ ಹೋಗುತ್ತಾರೆ. ಟೀವಾ ಅವರ ಬೆನ್ನು ಕುರ್ಚಿಗೆ ತಾಗುತ್ತಿಲ್ಲ, ಯಾವ ಗಳಿಗೆಯಲ್ಲಾದರೂ ಏಳಲು ತಯಾರಾಗಿ ಕೂತ ಹಾಗಿದೆ. ಬಿರಾಗೊ ಕೈ ಹಿಸುಕಿಕೊಳ್ಳುತ್ತ ಅದನ್ನೇ ನೋಡುತ್ತಿದ್ದಾರೆ.

ಹನ್ನೊಂದರ ಹೊತ್ತಿಗೆ ಟೆಚಿಮಾನ್ ಕಡೆಯಿಂದ ಬಸ್ಸೊಂದು ಬರುತ್ತದೆ. ಬೊವಾಡು ಜೊತೆ ಹಿಂದೆ ಲಾರಿಯಲ್ಲಿದ್ದವರ ಮನೆಯವರು. ಈ ಊರಲ್ಲಿ ಯಾರ ಮುಖವನ್ನೂ ಕಂಡವರಲ್ಲ, ಯಾರ ಜಗಳವನ್ನೂ ಕೇಳಿದವರಲ್ಲ. ಅವರಲ್ಲಿ ಒಬ್ಬ ಮುದುಕಿ, ಬೆನ್ನು ಬಾಗಿದಾಕೆ, ಎಂಬ್ರಾ ಅವರ ಕೈ ಮುಟ್ಟಿ "ದುಯೆ, ದುಯೆ" ಎಂದು ಸಂತಾಪ ಹೇಳಿ ಮುಂದೆ ಬರುತ್ತಾಳೆ. ಟೀವಾ ಅವರ ಮುಂದೆ ನಿಲ್ಲುತ್ತಾಳೆ. ಬಟ್ಟೆ ನೋಡುತ್ತಾಳೆ. ಎರಡೂ ಕೈಯಲ್ಲಿ ಟೀವಾ ಅವರ ಎರಡೂ ಕೈ ಹಿಡಿದು, ಎಲ್ಲರಿಗೂ ಕೇಳುವ ದನಿಯಲ್ಲಿ ಹೇಳುತ್ತಾಳೆ: "ಗಂಡನ್ನ ಕಳ್ಕೊಂಡ್ಯಲ್ಲೇ ನನ್ನ ಮಗಳೇ. ಒಳ್ಳೇ ಮನುಷ್ಯ ನಿನ್ನ ಗಂಡ. ದುಯೆ, ತಾಯೀ, ದುಯೆ."

ಏಳು ವಾರ ತಡೆದದ್ದು ಅಲ್ಲಿ ಒಡೆಯುತ್ತದೆ. ಟೀವಾ ಆ ಗುರುತಿಲ್ಲದ ಮುದುಕಿಯ ಹೆಗಲಿಗೆ ಹಣೆ ಹಚ್ಚಿ, ಗಂಡ ಸತ್ತ ಹೆಂಗಸು ಅಳುವ ಹಾಗೆ, ಬಾಯಿ ಬಿಟ್ಟು ಅಳುತ್ತಾರೆ. ಡೋಲಿನವರು ಬಡಿಯುವುದನ್ನು ನಿಲ್ಲಿಸುತ್ತಾರೆ. ಸಾಲಿನಲ್ಲಿದ್ದ ಕೆಂಪು ಬಟ್ಟೆಯ ಹೆಂಗಸರು ಒಬ್ಬೊಬ್ಬರಾಗಿ ಸೆರಗಿಗೆ ಕಣ್ಣೊರೆಸಿಕೊಳ್ಳುತ್ತಾರೆ, ಅದರಲ್ಲಿ ಪೊಕುವಾ ಕೂಡ.

ಬೆಂಚಿನ ಮೇಲೆ ಫೋಫಿಯೆ ಬಿರಾಗೊ ಅವರ ಪಕ್ಕೆಗೆ ತಿವಿಯುತ್ತಾರೆ. "ಅಕ್ಕಾ, ಆ ಅಜ್ಜಿಗೆ ನೀನೇ ತಾನೆ ಹೇಳ್ಕೊಟ್ಟಿದ್ದು?"

ಬಿರಾಗೊ ತಮ್ಮ ಕಪ್ಪು ಕೈಗಳಿಂದ ಕೆನ್ನೆ ಒರೆಸಿಕೊಳ್ಳುತ್ತಾರೆ.

"ನಾನ್ಯಾಕೆ ಹೇಳ್ಲಿ? ಆಯಮ್ಮಂಗೆ ಕಣ್ಣಿಲ್ವಾ? ಒಂಬತ್ತು ಸಲ ಅದ್ದಿದೀನಿ."